ಧಾರಣೆ ಓದುವಾಗ ಏರುವ ಬಿಪಿ

ನಮ್ಮ ದೊಡ್ಡಪ್ಪ ನಿವೃತ್ತ ಮಾಸ್ತರು. ಶಿರಸಿ ಪೇಟೆಯಿಂದ ಒಳಗೆ ಹತ್ತು ಹನ್ನೆರಡು ಕಿಲೋಮೀಟರ್ ದೂರದ ಊರು, ಮನೆಯ ಮುಂದೆ ಅಡಿಕೆ ತೋಟ. ಎರಡು ವರ್ಷದ ಹಿಂದೆ ಡಾಕ್ಟರು 'ಮನೆಯಲ್ಲೇ ಬಿಪಿ ನೋಡಿ ಬರೆದಿಡಿ' ಅಂದದ್ದೇ ತಡ, ನೂರು ಪುಟದ ನೋಟುಬುಕ್ಕಿಗೆ ಸ್ಕೇಲು ಹಿಡಿದು ಗೆರೆ ಎಳೆದರು. ತಾರೀಖು, ಹೊತ್ತು, ಮೇಲಿನದು, ಕೆಳಗಿನದು, ನಾಡಿ. ಕೊನೆಗೆ ಒಂದು ಅಗಲದ ಕಾಲಂ: ಷರಾ. ಮೂವತ್ತೈದು ವರ್ಷ ಹಾಜರಿ ಪುಸ್ತಕ ಬರೆದ ಕೈ, ಷರಾ ಇಲ್ಲದೆ ಬರೆದೀತೇ? 'ಮಳೆ ಜೋರು', 'ರಾತ್ರಿ ನಿದ್ದೆ ಇಲ್ಲ', 'ಕರೆಂಟ್ ಹೋಗಿತ್ತು', 'ಚಾಲಿ ಇಳಿದಿದೆ'. ಚಾಲಿ, ರಾಶಿ, ಬೆಟ್ಟೆ ಎಲ್ಲಾ ಅಡಿಕೆಯ ಬಗೆಗಳು. ಇಳಿದದ್ದು ಅದರ ಧಾರಣೆ, ಅಂದರೆ ಪೇಟೆಯ ದರ.

ಆ ಪುಸ್ತಕ ತಿರುವಿ ಹಾಕುವಾಗ ನನಗೆ ಒಂದು ವಿಚಿತ್ರ ಕಂಡಿತು. ಬಸ್ಸು ತಪ್ಪಿ ಪೇಪರ್ ಬಾರದ ದಿನಗಳಲ್ಲಿ ಬೆಳಗಿನ ಬಿಪಿ ತಣ್ಣಗಿತ್ತು. ಪೇಪರ್ ಬಂದ ದಿನ ಏರಿತ್ತು. ದೊಡ್ಡಮ್ಮನಿಗೆ ಇದರಲ್ಲಿ ಅನುಮಾನವೇ ಇರಲಿಲ್ಲ. "ಹಾಳು ಸುದ್ದಿ ಓದಿ ಓದಿಯೇ ಏರದು. ಪೇಪರ್ ಬಪ್ಪದನ್ನೇ ನಿಲ್ಸಿಬಿಡು ತಮಾ" ಅಂದರು. ದೊಡ್ಡಪ್ಪ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ಅಪೀಲು ನನ್ನ ಕೋರ್ಟಿಗೆ ಬಂತು.

ಒಂದು ಬೆಳಿಗ್ಗೆ ಜಗಲಿಯಲ್ಲಿ ಕೂತು ನೋಡಿದೆ. ದೊಡ್ಡಮ್ಮ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುತ್ತಾರೆ. ಕಣ್ಣು ಕತ್ತಿಯ ಮೇಲೆ ಇರಬೇಕು, ಆದರೆ ಸುದ್ದಿಯೂ ಬೇಕು. ದೊಡ್ಡಪ್ಪ ಎಡತೋಳಿಗೆ ಪಟ್ಟಿ ಕಟ್ಟಿ, ಯಂತ್ರದ ಗುಂಡಿ ಒತ್ತಿ, ಅದು ಗುರ್‌ ಎನ್ನುತ್ತಾ ಉಬ್ಬುವಾಗಲೇ ಪೇಪರ್ ಬಿಡಿಸಿ ಇಡೀ ತರಗತಿಗೆ ಕೇಳುವ ದನಿಯಲ್ಲಿ ಓದುತ್ತಾರೆ: "ಚಾಲಿ ಕನಿಷ್ಠ... ಗರಿಷ್ಠ... ರಾಶಿ ಕನಿಷ್ಠ..." ಪುಸ್ತಕಕ್ಕೆ ಹೋಗುತ್ತಿದ್ದದ್ದು ಕೂತ ದೊಡ್ಡಪ್ಪನ ಬಿಪಿ ಅಲ್ಲ, ಓದುವ ದೊಡ್ಡಪ್ಪನ ಬಿಪಿ.

ಹಾಗಾದರೆ ಏರಿಸಿದ್ದು ಸುದ್ದಿಯೋ ದನಿಯೋ? ಪೇಪರನ್ನು ಮೇಜಿನ ಮೇಲೆ ಹರಡಿಸಿ, ಪಟ್ಟಿ ಕಟ್ಟಿದ ತೋಳನ್ನು ಎದೆಯ ಮಟ್ಟಕ್ಕೆ ಒರಗಿಸಿಟ್ಟೆವು. ಇದು ಸುಮ್ಮನೆ ಶಿಸ್ತಿಗಲ್ಲ. ತೋಳು ಹೃದಯದ ಮಟ್ಟಕ್ಕಿಂತ 10 ಸೆಂಟಿಮೀಟರ್ ಕೆಳಗಿಳಿದರೆ ಅಷ್ಟಕ್ಕೇ ಬಿಪಿ 7-8 ಅಂಕ ಹೆಚ್ಚು ತೋರಿಸುತ್ತದೆ, ಮೇಲೆತ್ತಿದರೆ ಅಷ್ಟೇ ಕಡಿಮೆ. ನಡುನಡುವೆ ಐದೈದು ನಿಮಿಷ ಬಿಟ್ಟು ನೋಡಿದೆವು. ಸುಮ್ಮನೆ ಕೂತಾಗ ಮೇಲಿನದು 128. ಧಾರಣೆಯನ್ನು ಗಟ್ಟಿಯಾಗಿ ಓದುವಾಗ 144. ಅದೇ ಧಾರಣೆಯನ್ನು ಮನಸ್ಸಿನಲ್ಲೇ ಓದಿಕೊಂಡಾಗ 127. ಕೊನೆಗೆ ಗೋಡೆಯ ಮೊಳೆಗೆ ನೇತುಹಾಕಿದ್ದ ಪಂಚಾಂಗ ಕೊಟ್ಟು, ತಿಥಿ ವಾರ ನಕ್ಷತ್ರ ಗಟ್ಟಿಯಾಗಿ ಓದಿ ಅಂದೆ. ತಿಥಿ ನಕ್ಷತ್ರದಲ್ಲಿ ಯಾರಿಗೂ ನಷ್ಟವಿಲ್ಲ. ಆದರೂ 141.

ಒಬ್ಬರ ಮೇಲಿನ ಒಂದು ಬೆಳಗಿನ ಲೆಕ್ಕ ಇದು, ವಿಜ್ಞಾನ ಅಲ್ಲ. ಆದರೆ ದೊಡ್ಡಪ್ಪನ ಜಗಲಿಯಲ್ಲಿ ಕಂಡದ್ದನ್ನೇ ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಜೇಮ್ಸ್ ಲಿಂಚ್ ಮತ್ತು ಜೊತೆಗಾರರು 1980ರ ಆಸುಪಾಸಿನಲ್ಲಿ ನೂರಾರು ಜನರಲ್ಲಿ ಕಂಡಿದ್ದರು. ಬಾಯಿ ತೆರೆದು ಮಾತಾಡಿದರೆ, ಪುಸ್ತಕ ಹಿಡಿದು ಗಟ್ಟಿಯಾಗಿ ಓದಿದರೆ, ಬಹುತೇಕ ಎಲ್ಲರ ಬಿಪಿಯೂ ಏರುತ್ತದೆ. ಮಾತು ನಿಲ್ಲಿಸಿ ಇನ್ನೊಬ್ಬರು ಹೇಳುವುದನ್ನು ಕೇಳಲು ಕೂತರೆ ಇಳಿಯುತ್ತದೆ. ಮೊದಲೇ ಬಿಪಿ ಹೆಚ್ಚಿದ್ದವರಲ್ಲಿ ಏರಿಕೆಯೂ ಹೆಚ್ಚು.

ಇಷ್ಟು ಸರಳ ಸಂಗತಿ ಅಷ್ಟು ತಡವಾಗಿ ಗೊತ್ತಾಗಲು ಕಾರಣ ಸ್ಟೆತಾಸ್ಕೋಪು. ಇಟಲಿಯ ರೀವಾ ರೋಚ್ಚಿ ತೋಳಿಗೆ ಪಟ್ಟಿ ಕಟ್ಟಿ ಬಿಪಿ ಅಳೆಯುವ ಸಾಧನ ಮಾಡಿದ್ದು 1896ರಲ್ಲಿ. ರಷ್ಯಾದ ಕೊರೋಟ್ಕಾಫ್ ಮೊಣಕೈ ಮಡಿಕೆಯಲ್ಲಿ ಸ್ಟೆತಾಸ್ಕೋಪಿಟ್ಟು ರಕ್ತದ ಸದ್ದು ಆಲಿಸುವ ಕ್ರಮ ಹೇಳಿದ್ದು 1905ರಲ್ಲಿ. ಆ ಸದ್ದು ತೀರಾ ಸಣ್ಣದು. ರೋಗಿ ಮಾತಾಡಿದರೆ ಡಾಕ್ಟರಿಗೆ ಕೇಳುವುದೇ ಇಲ್ಲ. ಹಾಗಾಗಿ 'ಸುಮ್ಮನಿರಿ' ಅನ್ನುವುದು ರೂಢಿಯಾಯಿತು. ಮಾತಾಡುವ ಮನುಷ್ಯನ ಬಿಪಿ ಎಷ್ಟು ಅನ್ನುವ ಪ್ರಶ್ನೆ ಮುಕ್ಕಾಲು ಶತಮಾನ ಯಾರ ಕೈಗೂ ಸಿಗಲಿಲ್ಲ. ಕಿವಿಯ ಬದಲು ರಕ್ತನಾಳದ ಮಿಡಿತದಿಂದಲೇ ಲೆಕ್ಕ ಹಿಡಿಯುವ ಸ್ವಯಂಚಾಲಿತ ಯಂತ್ರಗಳು 1970ರ ದಶಕದ ಕೊನೆಗೆ ಬಂದ ಮೇಲೆ ರೋಗಿಗೆ ಬಾಯಿ ಬಂತು.

ಒಳಗೆ ಏನಾಗುತ್ತದೆ ಅನ್ನುವುದಕ್ಕೆ ತೋಟದ ಪಂಪ್‌ಸೆಟ್ಟನ್ನೇ ನೆನೆಯಿರಿ. ಪೈಪಿನೊಳಗಿನ ಒತ್ತಡ ಹೆಚ್ಚಲು ಎರಡು ದಾರಿ. ಒಂದು, ಪಂಪು ಹೆಚ್ಚು ನೀರು ದೂಡಬೇಕು. ಇನ್ನೊಂದು, ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಬೇಕು. ಹೃದಯ ಪಂಪು. ಮೈತುಂಬ ಹರಡಿದ ಸಣ್ಣ ರಕ್ತನಾಳಗಳ ಗೋಡೆಯಲ್ಲಿರುವ ಸ್ನಾಯು ಹೆಬ್ಬೆರಳು. ಎರಡಕ್ಕೂ ಆಜ್ಞೆ ಕೊಡುವುದು ನಮ್ಮ ಇಚ್ಛೆಗೆ ಸಿಗದ ನರಮಂಡಲ. ಅದರ ಒಂದು ಕವಲು, ವೇಗಸ್ ನರ, ಹೃದಯದ ವೇಗವನ್ನು ಸದಾ ಹಿಡಿದಿಟ್ಟಿರುತ್ತದೆ. ಇನ್ನೊಂದು ಕವಲು ಅಡ್ರಿನಲಿನ್ ಬಳಗದ ರಸಾಯನಿಕಗಳ ಮೂಲಕ ಪಂಪನ್ನೂ ಹೆಬ್ಬೆರಳನ್ನೂ ಬಿಗಿ ಮಾಡುತ್ತದೆ. ಕುತ್ತಿಗೆಯ ದೊಡ್ಡ ರಕ್ತನಾಳದಲ್ಲಿ, ಹೃದಯದಿಂದ ಹೊರಡುವ ಮಹಾಧಮನಿಯ ಬಾಗಿನಲ್ಲಿ, ಒತ್ತಡ ನೋಡಿಕೊಳ್ಳುವ ನರತುದಿಗಳು ಕಾವಲಿವೆ. ಒತ್ತಡ ಏರಿದರೆ ಮಿದುಳಿಗೆ ಸುದ್ದಿ ಮುಟ್ಟಿಸಿ ಇಳಿಸುವುದು ಅವುಗಳ ಕೆಲಸ. ದಿನಕ್ಕೆ ಸುಮಾರು ಒಂದು ಲಕ್ಷ ಬಡಿತ, ಒಂದೊಂದರ ಒತ್ತಡವೂ ಒಂದೊಂದು. ಯಂತ್ರ ತೋರಿಸುವುದು ಅದರಲ್ಲಿ ಅರ್ಧ ನಿಮಿಷದ ಕಥೆಯನ್ನು ಮಾತ್ರ.

ಮನಸ್ಸಿನಲ್ಲೇ ಓದುವುದು ಒಳಗೆ ತಂದುಕೊಳ್ಳುವ ಕೆಲಸ. ಅಮೆರಿಕದ ಜಾನ್ ಮತ್ತು ಬಿಯಾಟ್ರಿಸ್ ಲೇಸಿ ದಂಪತಿ 1960ರ ದಶಕದಲ್ಲಿ ಹೇಳಿದ ಒಂದು ಮಾತು ಇಲ್ಲಿ ಹೊಂದುತ್ತದೆ: ಹೊರಗಿನದನ್ನು ಗಮನವಿಟ್ಟು ನೋಡುವಾಗ, ಕೇಳುವಾಗ ಹೃದಯ ತುಸು ನಿಧಾನವಾಗುತ್ತದೆ. ಹೊರಗಿನದನ್ನು ದೂರವಿಟ್ಟು ತಲೆಯೊಳಗೆ ಲೆಕ್ಕ ಹಾಕುವಾಗ ವೇಗ ಏರುತ್ತದೆ. ಗಟ್ಟಿಯಾಗಿ ಓದುವುದು ಮೂರನೆಯ ಬಗೆ. ಅಲ್ಲಿ ಉಸಿರು, ಗಂಟಲು, ನಾಲಿಗೆ ಎಲ್ಲಾ ದುಡಿಯಬೇಕು. ಎಲ್ಲಕ್ಕಿಂತ ಮುಖ್ಯ, ಎದುರಿಗೆ ಒಬ್ಬರು ಕೇಳುತ್ತಿದ್ದಾರೆ.

ಬರೀ ಉಸಿರಿನ ಆಟ ಇದು ಅನ್ನುವವರಿಗೆ ಲಿಂಚ್ ಬಳಗ ಒಳ್ಳೆಯ ಉತ್ತರ ಹುಡುಕಿತ್ತು. ಕಿವಿ ಕೇಳಿಸದೆ ಕೈಸನ್ನೆಯಲ್ಲಿ ಮಾತಾಡುವವರ ಬಿಪಿ ನೋಡಿದರು. ದನಿ ಇಲ್ಲ, ಉಸಿರು ಕಟ್ಟುವ ಪ್ರಶ್ನೆ ಇಲ್ಲ. ಆದರೂ ಸನ್ನೆ ಮಾಡುವಾಗ ಏರಿತು. ಮನುಷ್ಯ ಮನುಷ್ಯನಿಗೆ ಏನೋ ಹೇಳಹೊರಟಾಗ ಮೈ ಸೊಂಟ ಕಟ್ಟುತ್ತದೆ. ಹೇಳುವುದು ಪಂಚಾಂಗವಾದರೂ ಸರಿ.

ಆದರೂ ಉಸಿರಿಗೆ ಅದರ ಪಾಲು ಕೊಡಬೇಕು. ಬೇಗ ಬೇಗ ಓದಿದಷ್ಟೂ ಬಿಪಿ ಹೆಚ್ಚು ಏರುತ್ತದೆ, ನಿಧಾನಿಸಿದರೆ ಏರಿಕೆ ತಗ್ಗುತ್ತದೆ. ಉಸಿರು ಒಳಗೆಳೆದುಕೊಳ್ಳುವಾಗ ಎದೆಬಡಿತ ತುಸು ಚುರುಕು, ಬಿಡುವಾಗ ತುಸು ನಿಧಾನ. ಇದು ಆರೋಗ್ಯವಂತ ಹೃದಯದ ಲಕ್ಷಣ. ಆ ಏರಿಳಿತಕ್ಕೆ ಸರಿಯಾದ ಲಯ ಸಿಕ್ಕರೆ ಕಾವಲಿನ ನರತುದಿಗಳೂ ಚುರುಕಾಗುತ್ತವೆ. ಇಟಲಿಯ ಲೂಚಿಯಾನೋ ಬರ್ನಾರ್ಡಿ ಮತ್ತು ಸಂಗಡಿಗರು 2001ರಲ್ಲಿ 23 ಜನರಿಂದ ಲ್ಯಾಟಿನ್ ಜಪಮಾಲೆ ಪ್ರಾರ್ಥನೆಯನ್ನೂ 'ಓಂ ಮಣಿ ಪದ್ಮೇ ಹುಂ' ಮಂತ್ರವನ್ನೂ ಹೇಳಿಸಿ ನೋಡಿದಾಗ ಎರಡರಲ್ಲೂ ಉಸಿರು ನಿಮಿಷಕ್ಕೆ ಸುಮಾರು ಆರಕ್ಕೆ ಇಳಿದಿತ್ತು, ಒತ್ತಡ ಹತೋಟಿಯ ವ್ಯವಸ್ಥೆ ಚುರುಕಾಗಿತ್ತು. 2004ರಲ್ಲಿ ಜರ್ಮನಿಯ ಸಂಶೋಧಕರು ಗ್ರೀಕ್ ಕವಿ ಹೋಮರನ ಒಡಿಸ್ಸಿಯ, ಸಾಲಿಗೆ ಆರು ಗಣ ಬರುವ ಹೆಕ್ಸಾಮೀಟರ್ ಛಂದಸ್ಸಿನ ಸಾಲುಗಳನ್ನು ಹೇಳಿಸಿದಾಗ ಉಸಿರೂ ಹೃದಯದ ಏರಿಳಿತವೂ ಒಂದೇ ತಾಳಕ್ಕೆ ಬಂದವು.

ಇದನ್ನು ಓದಿದಾಗ ನನಗೆ ಮನೆಯಲ್ಲಿ ಚಾತುರ್ಮಾಸ್ಯದಲ್ಲಿ ನಡೆಯುತ್ತಿದ್ದ ಗಮಕ ವಾಚನ ನೆನಪಾಯಿತು. ಕುಮಾರವ್ಯಾಸನ ಭಾಮಿನಿ ಷಟ್ಪದಿಯಲ್ಲಿ 14 ಮಾತ್ರೆಯ ಎರಡು ಸಾಲು, ಮೂರನೆಯದು 23 ಮಾತ್ರೆಯ ಉದ್ದ ಸಾಲು, ಮತ್ತೆ ಅದೇ ಕ್ರಮ. ಗಮಕಿ ಉದ್ದ ಸಾಲನ್ನು ಎಳೆದು ನಿಲ್ಲಿಸಿ ಉಸಿರು ತೆಗೆದುಕೊಳ್ಳುತ್ತಿದ್ದರು. ಉಸಿರಿಗೆ ಜಾಗವನ್ನು ಕವಿಯೇ ಬಿಟ್ಟಿದ್ದಾನೆ. ನಮ್ಮ ಪತ್ರಿಕೆಗಳ ಮುಖಪುಟದ ವಾಕ್ಯಗಳಲ್ಲಿ ಆ ಕರುಣೆ ಇಲ್ಲ. ಸಚಿವರ ಹೆಸರಿನಿಂದ 'ಎಂದು ತಿಳಿಸಿದ್ದಾರೆ' ತನಕ ಒಂದೇ ಉಸಿರು.

ಕೇಳುವವರು ಯಾರು ಅನ್ನುವುದು ಇನ್ನೂ ದೊಡ್ಡ ವಿಷಯ. ಎದುರಿಗಿರುವವರು ತನಗಿಂತ ಮೇಲಿನವರು ಅನ್ನಿಸಿದರೆ ಏರಿಕೆ ಹೆಚ್ಚು ಅಂತ 1982ರಲ್ಲೇ ಲಿಂಚ್ ಬಳಗ ತೋರಿಸಿತ್ತು. ಮರುವರ್ಷ ಇದೇ ಬಳಗದವರು ಸೇರಿ ಮಾಡಿದ ಇನ್ನೊಂದು ಪ್ರಯೋಗ ನನಗೆ ಬಹಳ ಇಷ್ಟ. ಮಕ್ಕಳಿಂದ ಗಟ್ಟಿಯಾಗಿ ಓದಿಸಿದರು. ಕೋಣೆಯಲ್ಲಿ ಒಂದು ಸ್ನೇಹದ ನಾಯಿ ಇದ್ದಾಗ ಬಿಪಿ ಕಡಿಮೆ ಇತ್ತು. ನಾಯಿ ಉಚ್ಚಾರ ತಿದ್ದುವುದಿಲ್ಲ.

ಡಾಕ್ಟರು ಎದುರಿಗೆ ಬಂದರೆ ಬಾಯಿ ತೆರೆಯುವುದೂ ಬೇಡ. ಇಟಲಿಯ ಜ್ಯುಸೆಪ್ಪೆ ಮಾಂಚಿಯಾ 1983ರಲ್ಲಿ, ರಕ್ತನಾಳದೊಳಗೇ ಕೊಳವೆ ಇಟ್ಟು ನಿರಂತರವಾಗಿ ಒತ್ತಡ ದಾಖಲಿಸುತ್ತಿದ್ದ ರೋಗಿಗಳ ಹತ್ತಿರ ಡಾಕ್ಟರನ್ನು ಕಳಿಸಿದರು. ಮೊದಲ ಕೆಲವು ನಿಮಿಷಗಳಲ್ಲಿ ಮೇಲಿನದು ಸರಾಸರಿ 27, ಕೆಳಗಿನದು 15 ಏರಿತು. ನರ್ಸ್ ಬಂದರೆ ಏರಿಕೆ ಅದರ ಅರ್ಧದಷ್ಟು. ನಮ್ಮ ಕಡೆಯ ಒಂದು ದವಾಖಾನೆಯಲ್ಲಿ ಈ ಎಲ್ಲವೂ ಒಟ್ಟಿಗೆ ನಡೆಯುವುದನ್ನು ನಾನು ನೋಡಿದ್ದೇನೆ. ದೊಡ್ಡಪ್ಪ ಮೆಟ್ಟಿಲು ಹತ್ತಿ ಬಂದು ಕೂರುವ ಮೊದಲೇ ತೋಳಿಗೆ ಪಟ್ಟಿ ಬಿತ್ತು. ಗಾಳಿ ತುಂಬುವಾಗ ಪ್ರೀತಿಯಿಂದಲೇ ಪ್ರಶ್ನೆ ಬಂತು: "ನಿಮ್ಮ ಬದಿ ಮಳೆ ಹೆಂಗಿದೆ ಮಾಸ್ತರ್ರೇ? ಕೊಳೆ ರೋಗ ಬಂತಾ?" ಕೊಳೆ ರೋಗದ ವಿಷಯ ಎತ್ತಿದರೆ ಯಾವ ಅಡಿಕೆ ಬೆಳೆಗಾರ ಸುಮ್ಮನಿದ್ದಾನು? ಅಂದು ಬಂದ ಅಂಕದ ಮೇಲೆ ಮಾತ್ರೆ ಹೆಚ್ಚಾಗಬೇಕಿತ್ತು. ಡಾಕ್ಟರು ವಿವೇಕದಿಂದ ಮನೆಯಲ್ಲಿ ನೋಡಿ ಅಂದರು.

ಇನ್ನು ಸ್ವಭಾವದ ಮಾತು. 'ಸಿಟ್ಟಿನ ಮನುಷ್ಯ, ಬಿಪಿ ಬರದೆ ಇರುತ್ತದೆಯೇ' ಅನ್ನುವುದು ಊರ ನಂಬಿಕೆ. ವಿಜ್ಞಾನವೂ ಒಂದು ಕಾಲಕ್ಕೆ ಹೆಚ್ಚುಕಡಿಮೆ ಹಾಗೇ ಹೇಳಿತ್ತು. ಸ್ಯಾನ್‌ಫ್ರಾನ್ಸಿಸ್ಕೋದ ಹೃದಯತಜ್ಞರಾದ ಮೇಯರ್ ಫ್ರೀಡ್‌ಮನ್ ಮತ್ತು ರೇ ರೋಸೆನ್‌ಮನ್ 1959ರಲ್ಲಿ, ಸದಾ ಅವಸರ, ಪೈಪೋಟಿ, ಸಿಡುಕು ಇರುವವರನ್ನು 'ಟೈಪ್ ಎ' ಎಂದು ಕರೆದರು. ಕ್ಯಾಲಿಫೋರ್ನಿಯಾದ 3,154 ಗಂಡಸರನ್ನು ಎಂಟೂವರೆ ವರ್ಷ ಗಮನಿಸಿ 1975ರಲ್ಲಿ ಬಂದ ವರದಿ, ಈ ಬಗೆಯವರಿಗೆ ಹೃದ್ರೋಗ ಸುಮಾರು ಎರಡು ಪಟ್ಟು ಅಂದಿತು. ಟೈಪ್ ಎ ಅನ್ನುವುದು ಮನೆಮಾತಾಯಿತು. ಆದರೆ 1988ರಲ್ಲಿ ಅದೇ ಅಧ್ಯಯನದ ಹೃದ್ರೋಗಿಗಳನ್ನೇ ಮುಂದೆ ಗಮನಿಸಿದಾಗ ಲೆಕ್ಕ ತಿರುಗಿತು. ಕಾಯಿಲೆ ಬಂದ ಮೇಲೆ ಟೈಪ್ ಎ ಜನ ಹೆಚ್ಚು ಸಾಯುತ್ತಿರಲಿಲ್ಲ, ಕಡಿಮೆಯೇ ಸಾಯುತ್ತಿದ್ದರು. ಆಮೇಲೆ ಹೊರಬಿದ್ದ ದಾಖಲೆಗಳಿಂದ ಇನ್ನೊಂದು ತಿಳಿಯಿತು: ಟೈಪ್ ಎ ಸಂಶೋಧನೆಗೆ ಸಿಗರೇಟು ಕಂಪನಿಗಳೂ ಹಣ ಸುರಿದಿದ್ದವು. ದೋಷ ಸ್ವಭಾವದ್ದಾದರೆ ಹೊಗೆಯದ್ದಲ್ಲವಲ್ಲ!

ಉಳಿದುಕೊಂಡದ್ದು ಟೈಪ್ ಎಯ ಒಂದು ಎಳೆ: ಹಗೆತನ, ಅಂದರೆ ಎದುರಿನವರ ಬಗ್ಗೆ ಒಳಗೊಳಗೇ ಅಪನಂಬಿಕೆ, ಕಹಿ. ಅದೂ ಹೇಗೆ ಕೆಲಸ ಮಾಡುತ್ತದೆ ನೋಡಿ. ಡ್ಯೂಕ್ ವಿಶ್ವವಿದ್ಯಾಲಯದ ಎಡ್ವರ್ಡ್ ಸುವಾರೆಜ್ ಮತ್ತು ರೆಡ್‌ಫರ್ಡ್ ವಿಲಿಯಮ್ಸ್ 1989ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಯುವಕರಿಗೆ ಚದುರಿದ ಅಕ್ಷರ ಜೋಡಿಸಿ ಪದ ಮಾಡುವ ಕೆಲಸ ಕೊಟ್ಟರು. ಯಾರೂ ಕೆಣಕದಿದ್ದಾಗ ಹಗೆತನ ಹೆಚ್ಚಿರುವವರಿಗೂ ಕಡಿಮೆ ಇರುವವರಿಗೂ ಬಿಪಿಯಲ್ಲಿ ವ್ಯತ್ಯಾಸವೇ ಇಲ್ಲ. ಕೆಲಸದ ನಡುವೆ ಚುಚ್ಚುಮಾತು ಬಂದಾಗ ಮಾತ್ರ ಹಗೆತನದವರ ಬಿಪಿ ಎತ್ತರಕ್ಕೆ ಹಾರಿತು.

ನನ್ನ ಮಟ್ಟಿಗೆ ಇಡೀ ವಿಷಯದ ಕೀಲಿ ಇಲ್ಲಿದೆ. ಸ್ವಭಾವ ಅನ್ನುವುದು ರಕ್ತದಲ್ಲಿ ಸದಾ ಕುದಿಯುವ ಎಸರಲ್ಲ. ಅದು ಕೊಕ್ಕೆ. ಸಿಕ್ಕಿಕೊಳ್ಳಲು ಎದುರಿಗೆ ಏನಾದರೂ ಬೇಕು. ದೊಡ್ಡಪ್ಪನನ್ನು ಊರಲ್ಲಿ ಸಿಡುಕ ಅನ್ನುತ್ತಾರೆ. ಆದರೆ ಮನಸ್ಸಿನಲ್ಲೇ ಓದುವಾಗ ಅವರದ್ದೂ ದೊಡ್ಡಮ್ಮನದ್ದೂ ಒಂದೇ ಕಥೆ. ಗಟ್ಟಿಯಾಗಿ ಓದುವಾಗ ದೊಡ್ಡಮ್ಮ "ತಡಿ, ಅದು ರಾಶಿಯೋ ಬೆಟ್ಟೆಯೋ, ಸರಿ ಓದಿ" ಅಂತ ತಿದ್ದಿದರೆ ಸಾಕು, ಕೊಕ್ಕೆ ಸಿಕ್ಕಿಕೊಳ್ಳುತ್ತದೆ.

ಕಾರವಾರದಲ್ಲಿರುವ ಅಪ್ಪಚ್ಚಿಯದ್ದು, ಅಂದರೆ ಚಿಕ್ಕಪ್ಪನದ್ದು, ಬೇರೆ ಬಗೆ. ಬ್ಯಾಂಕಿನ ಕೆಲಸ ಮುಗಿಸಿ ಘಟ್ಟ ಹತ್ತಿ ಬಂದು ತಾಳಮದ್ದಳೆಯಲ್ಲಿ, ಅಂದರೆ ವೇಷ ಕುಣಿತಗಳಿಲ್ಲದ ಯಕ್ಷಗಾನ ಕೂಟದಲ್ಲಿ, ಅರ್ಥ ಹೇಳುತ್ತಾರೆ. ಭಾಗವತರು ಪದ್ಯ ಮುಗಿಸುತ್ತಿದ್ದಂತೆ ಅವರ ಮುಖ ಕೆಂಪೇರುತ್ತದೆ, ಎದೆ ಖಂಡಿತ ಹೊಡೆದುಕೊಳ್ಳುತ್ತಿರುತ್ತದೆ. ಅದೇ ವೇದಿಕೆಯಲ್ಲಿ ಮೊದಲ ಸಲ ಕೂತ ಹುಡುಗನ ಎದೆಯೂ ಹೊಡೆದುಕೊಳ್ಳುತ್ತಿರುತ್ತದೆ. ನಾಡಿ ಹಿಡಿದರೆ ಇಬ್ಬರದ್ದೂ ಒಂದೇ ವೇಗ ಇರಬಹುದು. ಆದರೆ ಜಿಮ್ ಬ್ಲಾಸ್ಕೊವಿಚ್ ಮತ್ತು ಜೋ ತೊಮಾಕಾ 1990ರ ದಶಕದಲ್ಲಿ ಕಟ್ಟಿದ ವಿವರಣೆಯ ಪ್ರಕಾರ ಒಳಗಿನ ಕಥೆ ಎರಡು. 'ಇದು ನನ್ನಿಂದ ಆಗುತ್ತದೆ' ಅಂದುಕೊಂಡವನಲ್ಲಿ ಪಂಪು ಜೋರಾಗುತ್ತದೆ, ಹೆಬ್ಬೆರಳು ಸಡಿಲವಾಗುತ್ತದೆ. ರಕ್ತ ಧಾರಾಳವಾಗಿ ಹರಿಯುತ್ತದೆ. 'ಮಾನ ಹೋಗುತ್ತದೆ' ಅಂದುಕೊಂಡವನಲ್ಲಿ ಪಂಪೂ ಜೋರು, ಹೆಬ್ಬೆರಳೂ ಬಿಗಿ.

ನಾಚಿಕೆ ಸ್ವಭಾವದವರ ಬಗ್ಗೆ ಇನ್ನೊಂದು ಅಚ್ಚರಿ ಇದೆ. ಸ್ಟ್ಯಾನ್‌ಫರ್ಡಿನ ಸಂಶೋಧಕರು 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಭೆಯ ಅಂಜಿಕೆ ಬಹಳ ಇರುವವರನ್ನೂ ಅಷ್ಟಿಲ್ಲದವರನ್ನೂ ದಿಢೀರ್ ಭಾಷಣಕ್ಕೆ ನಿಲ್ಲಿಸಿದರು. ಅಂಜುಬುರುಕರು ತಮ್ಮ ಎದೆ ಒಡೆದುಹೋಗುವಂತೆ ಬಡಿಯಿತು ಅಂದರು. ಯಂತ್ರದ ದಾಖಲೆ ನೋಡಿದರೆ ಎರಡೂ ಗುಂಪಿನ ಮೈ ಹೆಚ್ಚುಕಡಿಮೆ ಒಂದೇ ರೀತಿ ವರ್ತಿಸಿತ್ತು. ಡವಡವ ಎಲ್ಲರಿಗೂ ಇತ್ತು. ಅದನ್ನು ಕಿವಿಗೊಟ್ಟು ಕೇಳುತ್ತಿದ್ದವರು ಇವರು. ಶಾಲೆಯ ಪ್ರಾರ್ಥನೆಯಲ್ಲಿ ವಾರ್ತೆ ಓದಲು ಹೆದರಿ ಹೊಟ್ಟೆನೋವು ಅನ್ನುತ್ತಿದ್ದ ನನ್ನ ತಂಗಿಗೆ ಇದನ್ನು ಹೇಳಿದೆ. "ಇಪ್ಪತ್ತು ವರ್ಷ ತಡ ಆತು" ಅಂದಳು.

ಹಾಗಾದರೆ ಗಟ್ಟಿಯಾಗಿ ಓದುವುದು ಹೃದಯಕ್ಕೆ ಕೆಟ್ಟದ್ದೇ? ಅಲ್ಲ. ಏರುವುದು ಸಹಜ, ಮೆಟ್ಟಿಲು ಹತ್ತಿದರೂ ಏರುತ್ತದೆ. ನೋಡಬೇಕಾದ್ದು ಎಷ್ಟು ಏರುತ್ತದೆ, ಎಷ್ಟು ಬೇಗ ಇಳಿದು ಮನೆಗೆ ಬರುತ್ತದೆ ಎಂಬುದನ್ನು. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ಚಿಡಾ ಮತ್ತು ಸ್ಟೆಪ್ಟೋ 2010ರಲ್ಲಿ ಹೇಳಿದ್ದೂ ಅದೇ: ಒತ್ತಡಕ್ಕೆ ಅತಿಯಾಗಿ ಏರುವ, ಆಮೇಲೆ ಬೇಗ ಇಳಿಯದ ಮೈಯವರಿಗೆ ಮುಂದೆ ಬಿಪಿ ಕಾಯಿಲೆಯ ಸಂಭವ ಹೆಚ್ಚು.

ಅತ್ತ ಕಾರವಾರದ ಅಪ್ಪಚ್ಚಿ ವಾಟ್ಸಾಪಿನಲ್ಲಿ ಬಂದ ಸಂದೇಶವೊಂದನ್ನು ನನಗೆ ದೂಡಿದ್ದರು. ಆರು ನಿಮಿಷ ಪುಸ್ತಕ ಓದಿದರೆ ಒತ್ತಡ ಶೇಕಡಾ 68 ಇಳಿಯುತ್ತದಂತೆ, ಟ್ಯಾಗೋರ್ ಕಡಲತೀರದಲ್ಲಿ ಕೂತು ಓದಿ ನೋಡುತ್ತೇನೆ ಅಂತ. ಈ 68 ಬಹಳ ತಿರುಗಾಡಿದ ಅಂಕಿ. 2009ರ ಒಂದು ಸಣ್ಣ ಪ್ರಯೋಗದ್ದು, ವಿಜ್ಞಾನ ಪತ್ರಿಕೆಯಲ್ಲಿ ಪರಿಶೀಲನೆಗೊಂಡು ಬಂದದ್ದಲ್ಲ. ಕಡಲತೀರದಲ್ಲಿ ಕೂತು ಓದಲಿ, ಅದಕ್ಕೆ ಶೇಕಡಾವಾರು ಬೇಕಿಲ್ಲ. ಬಿಪಿ ಮಾತ್ರೆಯನ್ನು ಮಾತ್ರ ಅದರ ಭರವಸೆಯ ಮೇಲೆ ಬಿಡದಿದ್ದರೆ ಸಾಕು.

ದೊಡ್ಡಪ್ಪನಿಗೆ ಈಗ ಹೊಸ ಶಿಸ್ತು. ಮೂತ್ರಕ್ಕೆ ಹೋಗಿಬಂದು, ಚಾ ಕುಡಿಯುವ ಮೊದಲೇ, ಬೆನ್ನು ಒರಗಿಸಿ, ಕಾಲು ನೆಲಕ್ಕೆ ಊರಿ, ಕಾಲ ಮೇಲೆ ಕಾಲು ಹಾಕದೆ ಐದು ನಿಮಿಷ ಕೂರಬೇಕು. ಒಂದು ನಿಮಿಷ ಬಿಟ್ಟು ಎರಡು ಸಲ ಅಳೆಯಬೇಕು. ಬೆಳಿಗ್ಗೆ ಸಂಜೆ, ಒಂದು ವಾರ. ಮನೆಯಲ್ಲಿ ಸರಾಸರಿ 135/85 ದಾಟಿದರೆ ಹೆಚ್ಚು ಎಂದು ಲೆಕ್ಕ, ದವಾಖಾನೆಯಲ್ಲಾದರೆ 140/90. ಅಷ್ಟು ಹೊತ್ತು ಒಂದು ಮಾತೂ ಆಡುವಂತಿಲ್ಲ. ಮಾತಾಡಿದರೆ ಹತ್ತು ಅಂಕ ಸುಲಭವಾಗಿ ಸೇರಿಕೊಳ್ಳುತ್ತದೆ.

ಮೊದಲ ವಾರದ ಪುಟ ಮೊನ್ನೆ ನೋಡಿದೆ. ಅಂಕಗಳು ತಣ್ಣಗಿವೆ. ಷರಾ ಕಾಲಮ್ಮಿನಲ್ಲಿ ಏಳೂ ದಿನ ಒಂದೇ ಪದ: 'ಮೌನ'. ಎಂಟನೆಯ ದಿನ ನಾನೇ ಅಲ್ಲಿದ್ದೆ. ಯಂತ್ರ ಇನ್ನೂ ಗುರ್‌ ಎನ್ನುತ್ತಿತ್ತು. ದೊಡ್ಡಪ್ಪ ಕಣ್ಣು ಮುಚ್ಚಿ ಕೂತಿದ್ದರು, ಪೇಪರ್ ಮಡಚಿದಂತೆಯೇ ಪಕ್ಕದಲ್ಲಿತ್ತು. ಮೆಟ್ಟುಗತ್ತಿಯ ಮುಂದಿನಿಂದ ದೊಡ್ಡಮ್ಮನ ದನಿ ಬಂತು.

"ಚಾಲಿ ಎಷ್ಟಾತು ಹೇಳಿ ಅಷ್ಟು ಹೇಳಿ, ಆಮೇಲೆ ಅಳಕಳ್ಳಿ."